ಲೆಕ್ಕ ಸರಿ, ವಿಳಾಸ ತಪ್ಪು

98ನ್ನು 97ರಿಂದ ಗುಣಿಸಬೇಕು. ಕಾಗದ, ಪೆನ್ಸಿಲ್ ಬೇಡ. ನೂರಕ್ಕೆ 98 ಎಷ್ಟು ಕಡಿಮೆ? ಎರಡು. 97 ಎಷ್ಟು ಕಡಿಮೆ? ಮೂರು. 98ರಿಂದ ಆ ಮೂರನ್ನು ಕಳೆದರೆ 95. ಎರಡು ಮೂರಲೆ ಆರು. 95ರ ಪಕ್ಕದಲ್ಲಿ 06 ಇಟ್ಟರೆ 9506. ಉತ್ತರ ಸಿದ್ಧ.

ಇಂಥ ಉಪಾಯಗಳನ್ನು ಮಕ್ಕಳಿಗೆ ಹೇಳಿಕೊಡುವ ತರಗತಿಗಳು ಅನೇಕ ಊರುಗಳಲ್ಲಿವೆ. ಅಲ್ಲಿ ಇದಕ್ಕೆ 'ವೇದಗಣಿತ' ಎಂದು ಹೆಸರು. ಸಾವಿರಾರು ವರ್ಷಗಳ ಹಿಂದೆಯೇ ಋಷಿಗಳು ಈ ಸೂತ್ರಗಳನ್ನು ಬಲ್ಲವರಾಗಿದ್ದರು ಎಂಬ ನಂಬಿಕೆಯೂ ಪಾಠದ ಜೊತೆಗೇ ಬರುತ್ತದೆ. ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಅದರ ಹುಟ್ಟಿನ ಕಥೆ ಪರಿಶೀಲನೆಗೆ ನಿಲ್ಲುವುದಿಲ್ಲ.

ಈ ಸೂತ್ರಗಳಿಗೆ ಆಕರ ಒಂದೇ ಪುಸ್ತಕ. 1965ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ 'ವೇದಿಕ್ ಮ್ಯಾಥಮ್ಯಾಟಿಕ್ಸ್'. ಬರೆದವರು ಪುರಿಯ ಗೋವರ್ಧನ ಪೀಠದ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣ ತೀರ್ಥರು (1884–1960). ಪೀಠವೇರುವ ಮುನ್ನ ಹಲವು ವರ್ಷ ಶೃಂಗೇರಿಯಲ್ಲಿ ವೇದಾಂತ ಅಧ್ಯಯನ ಮಾಡಿದ್ದ ವಿದ್ವಾಂಸರು ಅವರು. ಕಾಡಿನ ಏಕಾಂತದಲ್ಲಿ ಎಂಟು ವರ್ಷ ಚಿಂತನೆ ನಡೆಸಿದ ಬಳಿಕ ಈ ಸೂತ್ರಗಳ ಮರ್ಮ ತಿಳಿಯಿತೆಂದೂ, ಅವು ಅಥರ್ವವೇದದ ಪರಿಶಿಷ್ಟಕ್ಕೆ ಸೇರಿದವೆಂದೂ ಅವರು ಹೇಳಿದರು. ಪುಸ್ತಕ ಅಚ್ಚಾಗುವ ಹೊತ್ತಿಗೆ ಅವರು ಬದುಕಿರಲಿಲ್ಲ.

ಗಣಿತದ ಇತಿಹಾಸ ಬಲ್ಲ ಕೆ.ಎಸ್. ಶುಕ್ಲ ಎಂಬ ವಿದ್ವಾಂಸರು 1950ರಲ್ಲಿ ಲಖನೌದಲ್ಲಿ ಸ್ವಾಮೀಜಿಯವರನ್ನು ಕಂಡರು. ಅಚ್ಚಾಗಿದ್ದ ಪರಿಶಿಷ್ಟಗಳ ಗ್ರಂಥವನ್ನೇ ಕೈಯಲ್ಲಿ ಹಿಡಿದು, ಸೂತ್ರಗಳು ಎಲ್ಲಿವೆ ಎಂದು ಕೇಳಿದರು. ಅವು ತಮ್ಮ ಪರಿಶಿಷ್ಟದಲ್ಲಿ ಮಾತ್ರ ಇವೆ, ಬೇರೆಯದರಲ್ಲಿಲ್ಲ ಎಂಬ ಉತ್ತರ ಬಂದಿತೆಂದು ಶುಕ್ಲ ದಾಖಲಿಸಿದ್ದಾರೆ. ಪುಸ್ತಕದ ಸಂಪಾದಕ ವಿ.ಎಸ್. ಅಗ್ರವಾಲ ಅವರೂ ಈ ಸೂತ್ರಗಳು ತಿಳಿದಿರುವ ಪರಿಶಿಷ್ಟಗಳಲ್ಲಿ ಇಲ್ಲವೆಂದು ಮುನ್ನುಡಿಯಲ್ಲೇ ಒಪ್ಪಿಕೊಂಡರು. ಸೂತ್ರಗಳ ಭಾಷೆ ವೇದಕಾಲದ ಸಂಸ್ಕೃತವಲ್ಲ. ಪುಸ್ತಕದಲ್ಲಿ ಧಾರಾಳವಾಗಿ ಬರುವ ದಶಮಾಂಶ ಭಿನ್ನರಾಶಿಗಳನ್ನು ಪ್ರಾಚೀನ ಭಾರತೀಯರು ಬಳಸುತ್ತಿರಲಿಲ್ಲ.

ಹಾಗೆಂದು ವೇದಗಳಲ್ಲಿ ಗಣಿತವೇ ಇಲ್ಲವೆಂದಲ್ಲ. ಯಜುರ್ವೇದದಲ್ಲಿ ಏಕ, ದಶ, ಶತ ಎಂದು ಹತ್ತು ಹತ್ತು ಪಟ್ಟು ಏರುತ್ತ ಪರಾರ್ಧದವರೆಗೆ, ಅಂದರೆ ಒಂದರ ಮುಂದೆ ಹನ್ನೆರಡು ಸೊನ್ನೆಗಳವರೆಗೆ, ಸಂಖ್ಯೆಗಳ ಹೆಸರುಗಳಿವೆ. ಯಜ್ಞವೇದಿ ಕಟ್ಟಲು ಹಗ್ಗ ಹಿಡಿದು ಅಳೆಯುವ ವಿಧಾನವನ್ನು ಶುಲ್ಬಸೂತ್ರಗಳು ಹೇಳುತ್ತವೆ. ಅದು ರೇಖಾಗಣಿತ. ಚುರುಕು ಗುಣಾಕಾರದ ವಿದ್ಯೆ ಅಲ್ಲಿಲ್ಲ.

ಆ ವಿದ್ಯೆ ಬೆಳೆದದ್ದು ಸ್ಥಾನಬೆಲೆಯ ಅಂಕಿಗಳು ಬಳಕೆಗೆ ಬಂದ ಮೇಲೆ. ಹಲಗೆಯ ಮೇಲೆ ಧೂಳು ಹರಡಿ ಲೆಕ್ಕ ಮಾಡುತ್ತಿದ್ದುದರಿಂದ ಇದಕ್ಕೆ ಪಾಟೀಗಣಿತ, ಧೂಳೀಕರ್ಮ ಎಂಬ ಹೆಸರುಗಳಿದ್ದವು. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ 'ಗೋಮೂತ್ರಿಕಾ' ಎಂಬ ಗುಣಾಕಾರ ಕ್ರಮವನ್ನು ವಿವರಿಸಿದ. ಗುಣಿಸುವ ಸಂಖ್ಯೆಯ ಒಂದೊಂದು ಅಂಕಿಯಿಂದಲೂ ಬೇರೆ ಬೇರೆ ಗುಣಿಸಿ, ಪ್ರತಿ ಸಾಲನ್ನೂ ಒಂದೊಂದು ಸ್ಥಾನ ಸರಿಸಿ ಬರೆದು ಕೂಡುವುದು. ನಡೆಯುತ್ತಿರುವ ಹಸುವಿನ ಗಂಜಲ ನೆಲದ ಮೇಲೆ ಬಿಡುವ ಅಂಕುಡೊಂಕು ಗೆರೆಯಿಂದ ಆ ಹೆಸರು ಬಂತು. ಇಂದು ಶಾಲೆಯಲ್ಲಿ ಕಲಿಸುವ ಗುಣಾಕಾರಕ್ಕೆ ಇದು ಬಹಳ ಹತ್ತಿರ.

ಈ ಪರಂಪರೆಯ ಒಂದು ಮುಖ್ಯ ಕೊಂಡಿ ಕನ್ನಡನಾಡಿಗೆ ಸೇರಿದ್ದು. 'ಕವಿರಾಜಮಾರ್ಗ' ರೂಪುಗೊಂಡ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಕ್ರಿ.ಶ. 850ರ ಸುಮಾರಿಗೆ, ಜೈನ ವಿದ್ವಾಂಸ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಗ್ರಂಥದ ಆರಂಭದಲ್ಲಿ ದೊರೆಯ ಪ್ರಶಂಸೆಯಿದೆ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ.

ವರ್ಗ ಮಾಡಲು ಮಹಾವೀರಾಚಾರ್ಯ ಹೇಳುವ ಒಂದು ದಾರಿ ಹೀಗಿದೆ: ಸಂಖ್ಯೆಗೆ ಇಷ್ಟಬಂದ ಸಂಖ್ಯೆಯೊಂದನ್ನು ಕೂಡಿ, ಅದನ್ನೇ ಕಳೆದು, ಬಂದ ಎರಡನ್ನೂ ಗುಣಿಸಿ, ಇಷ್ಟಸಂಖ್ಯೆಯ ವರ್ಗವನ್ನು ಸೇರಿಸುವುದು. 97ರ ವರ್ಗ ಬೇಕಾದರೆ ಮೂರನ್ನು ಆರಿಸಿಕೊಳ್ಳಿ. 100 ಮತ್ತು 94ರ ಗುಣಲಬ್ಧ 9400. ಮೂರರ ವರ್ಗ 9 ಸೇರಿಸಿದರೆ 9409. ಇದನ್ನು ಬಾಯಲ್ಲೇ ಮಾಡಬಹುದು. ಎರಡು ಕಡೆಯಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಆತ ಕಂಠಾಭರಣ, ಅಂದರೆ ಕೊರಳಹಾರ, ಎಂದು ಕರೆದ. 139ನ್ನು 109ರಿಂದ ಗುಣಿಸಿ ನೋಡಿ, 15151 ಬರುತ್ತದೆ.

ಮುನ್ನೂರು ವರ್ಷಗಳ ತರುವಾಯ, 1150ರಲ್ಲಿ, ಭಾಸ್ಕರಾಚಾರ್ಯ 'ಲೀಲಾವತಿ'ಯಲ್ಲಿ 135ನ್ನು 12ರಿಂದ ಗುಣಿಸಲು ಒಂದಲ್ಲ, ಹಲವು ದಾರಿ ತೋರಿಸಿದ. 12ನ್ನು 8 ಮತ್ತು 4 ಎಂದು ಒಡೆಯಿರಿ. ಇಲ್ಲವೇ 3ರಿಂದ ಗುಣಿಸಿ ಮತ್ತೆ 4ರಿಂದ ಗುಣಿಸಿ. ಇಲ್ಲವೇ 20ರಿಂದ ಗುಣಿಸಿ, ಎಂಟರಷ್ಟನ್ನು ಕಳೆಯಿರಿ. ಯಾವ ದಾರಿ ಹಿಡಿದರೂ 1620. ಸುಲಭವಾದ ಸಂಖ್ಯೆಗೆ ಜಿಗಿದು ಹೆಚ್ಚಾದದ್ದನ್ನು ಹಿಂತಿರುಗಿಸುವ ಈ ಕೊನೆಯ ದಾರಿಯೂ, ನೂರನ್ನು ಆಧಾರವಾಗಿಟ್ಟುಕೊಳ್ಳುವ 98, 97ರ ಉಪಾಯವೂ ಒಂದೇ ಜಾತಿಯವು.

ಇವೆಲ್ಲ ಸಂಸ್ಕೃತ ಬಲ್ಲವರ ಸೊತ್ತಾಗಿಯೇ ಉಳಿಯಲಿಲ್ಲ. 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲೇ ಬರೆದ. ಹಳ್ಳಿಯ ಕೂಲಿಮಠಗಳಲ್ಲಿ ಮಕ್ಕಳು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ ಅಂಗಡಿಯವನಿಗೂ ಗಿರಾಕಿಗೂ ಅದು ನಿತ್ಯದ ಅಗತ್ಯ. 1957ರಲ್ಲಿ ನಯಾಪೈಸೆ ಬಂದ ಮೇಲೆ ಆ ಮಗ್ಗಿಗಳಿಗೆ ಕೆಲಸ ಕಡಿಮೆಯಾಯಿತು.

ಚುರುಕಾಗಿ ಲೆಕ್ಕ ಮಾಡುವುದನ್ನು ಮಕ್ಕಳು ಕಲಿಯುವುದು ಒಳ್ಳೆಯದೇ. ಭಾರತೀ ಕೃಷ್ಣ ತೀರ್ಥರ ಜಾಣ್ಮೆಗೆ ಸಲ್ಲಬೇಕಾದ ಮೆಚ್ಚುಗೆ ಅವರ ಹೆಸರಿಗೇ ಸಲ್ಲಲಿ. ಎಲ್ಲವನ್ನೂ ವೇದದ ಖಾತೆಗೆ ಬರೆದಾಗ ನಷ್ಟವಾಗುವುದು ಹೆಸರು, ಕಾಲ, ಗ್ರಂಥ ಮೂರೂ ಖಚಿತವಾಗಿರುವ ಬ್ರಹ್ಮಗುಪ್ತ, ಮಹಾವೀರ, ಭಾಸ್ಕರರಿಗೆ. ಮಳಖೇಡದ ದೊರೆಯ ಕಾಲದಲ್ಲಿ ಗಣಿತ ಬರೆದವನ ಹೆಸರನ್ನು ಕನ್ನಡದ ಮಗು ಕೇಳಿಯೇ ಇಲ್ಲವೆಂದರೆ, ಆ ಬಾಕಿಯನ್ನು ತೀರಿಸಬೇಕಾದವರು ದೊಡ್ಡವರು.