ದುರ್ಗದ ಗುಡಿಗೆ ದುರ್ಗೆ ಬಂದದ್ದು

ಕಲಾ ಸಂಗ್ರಹಾಲಯವೊಂದರ ಛಾಯಾಚಿತ್ರ ವಿಭಾಗಕ್ಕೆ ನಾನು ಸೇರಿದ ಹೊಸತು. ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಯಾವ ಊರು, ಯಾವ ವರ್ಷ, ತೆಗೆದವರು ಯಾರು ಎಂದು ದಾಖಲಿಸುವುದು ನನ್ನ ಕೆಲಸ. ಒಂದು ದಿನ ಆಲ್ಬಮ್ಮಿನಿಂದ ಕಳಚಿದ್ದ ಹಾಳೆಯೊಂದು ಮೇಜಿಗೆ ಬಂತು. ಊರಿನ ಹೆಸರು ಇಂಗ್ಲಿಷಿನಲ್ಲಿ ‘ಇವಲ್ಲಿ’ ಎಂದಿತ್ತು. ಅಂಥದೊಂದು ಊರನ್ನು ನಾನು ಕೇಳಿರಲಿಲ್ಲ. ಆದರೆ ಗುಡಿಯ ದುಂಡನೆಯ ಹಿಂಭಾಗವನ್ನು ಕಂಡ ಕೂಡಲೇ ಗುರುತು ಸಿಕ್ಕಿತು. ಅದು ನಮ್ಮ ಐಹೊಳೆ.

‘ದುರ್ಗಾ ದೇವಾಲಯ’ ಎಂದು ಶೀರ್ಷಿಕೆ ಬರೆದೆ. ವಿಷಯದ ಕಾಲಮ್ಮಿನಲ್ಲಿ ‘ದುರ್ಗಾದೇವಿ’ ಎಂದು ತುಂಬಿದೆ. ಸಂಜೆ ಹಿರಿಯ ಸಹೋದ್ಯೋಗಿಯೊಬ್ಬರು ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ಕೇಳಿದರು: “ಮಾಳಿಗೆ ಮೇಲೆ ಏನದು?”

“ಬಿದ್ದ ಕಲ್ಲಿರಬೇಕು ಸರ್.”

“ಬಿದ್ದದ್ದಲ್ಲಮ್ಮ, ಜೋಡಿಸಿದ್ದು. ಅದು ಕೋಟೆ ಗೋಡೆ. ಅದಕ್ಕೇ ಇದು ದುರ್ಗದ ಗುಡಿ. ದೇವಿಯನ್ನ ಇಲ್ಲಿಗೆ ಕರೆತಂದವಳು ನೀನು.”

ನಾಚಿಕೆಯಾಯಿತು. ಆ ರಾತ್ರಿಯಿಂದ ಈ ಚಿತ್ರದ ಬೆನ್ನು ಹತ್ತಿದೆ.

ಇದನ್ನು ತೆಗೆದವನು ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನನ್ನು ಮುಂಬಯಿ ಪ್ರಾಂತ್ಯದ ಸರ್ಕಾರಿ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಕಾಗದದ ನೆಗೆಟಿವ್‌ಗಳನ್ನು ಹೊತ್ತು ಅವನು ವಿಜಾಪುರ, ಬಾದಾಮಿ, ಐಹೊಳೆ ಸುತ್ತಿದ. ಬಹುಬೇಗ ಸೇನೆ ಅವನನ್ನು ವಾಪಸು ಕರೆಸಿಕೊಂಡಿತು. ಕೆಲಸ ವೈದ್ಯ ಪಿಗೂ ಅವರ ಕೈಗೆ ಹೋಯಿತು. ಹಳೇಬೀಡಿನ ಚಿತ್ರಗಳನ್ನು ತೆಗೆದ ನೀಲ್ ಕೂಡ ವೈದ್ಯನೇ. ಈ ಮೂವರ ಚಿತ್ರಗಳು ಸೇರಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಪುಸ್ತಕವಾಯಿತು. ಅದಕ್ಕೆ ಇತಿಹಾಸ ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್.

ಫರ್ಗುಸನ್ ಬಿಗ್ಸ್‌ನ ಚಿತ್ರವನ್ನು ಮುಂದಿಟ್ಟುಕೊಂಡು ಈ ಗುಡಿಯ ಚರಿತ್ರೆ ಬರೆದ. ಆನೆಯ ಬೆನ್ನಿನಂತೆ ದುಂಡಾದ ಹಿಂಭಾಗ ಅವನಿಗೆ ಬೌದ್ಧರ ಚೈತ್ಯಾಲಯಗಳನ್ನು ನೆನಪಿಸಿತು. ಇದು ಮೂಲದಲ್ಲಿ ಬೌದ್ಧರದು, ಆಮೇಲೆ ಕೈಬದಲಾಯಿತು ಎಂದುಬಿಟ್ಟ. ಆ ಮಾತು ಬಹಳ ಕಾಲ ಓಡಾಡಿತು. ಇಂದಿನ ವಿದ್ವಾಂಸರು ಇದನ್ನು ಏಳನೆಯ ಶತಮಾನದ ಕೊನೆ ಅಥವಾ ಎಂಟನೆಯ ಶತಮಾನದ ಆರಂಭದಲ್ಲಿ ಚಾಲುಕ್ಯರ ಕಾಲದಲ್ಲಿ ಕಟ್ಟಿದ ಹಿಂದೂ ಗುಡಿ ಎನ್ನುತ್ತಾರೆ. ಅಲ್ಲಿನ ದ್ವಾರದ ಶಾಸನ ಆದಿತ್ಯನ ಗುಡಿಗೆ ಕೊಟ್ಟ ದತ್ತಿಯನ್ನು ಹೇಳುವುದರಿಂದ, ಇದು ಸೂರ್ಯನಿಗಾಗಿ ಕಟ್ಟಿದ್ದೆಂದು ಹಲವರ ಅಭಿಪ್ರಾಯ.

ಫರ್ಗುಸನ್ ಎಡವಿದ ಹಾಗೆಯೇ ನಾನೂ ಎಡವಿದ್ದೆ. ಅವನು ಆಕಾರ ನೋಡಿ ಧರ್ಮ ಹೇಳಿದ; ನಾನು ಹೆಸರು ಕೇಳಿ ದೇವರನ್ನು ಹೇಳಿದೆ. ಅವನ ತಪ್ಪು ಪುಸ್ತಕದಿಂದ ಪುಸ್ತಕಕ್ಕೆ ಹೋಗಲು ವರ್ಷಗಳು ಬೇಕಾದವು. ನನ್ನದು ಮರುದಿನವೇ ಅಂತರ್ಜಾಲಕ್ಕೆ ಹೋಗುವುದರಲ್ಲಿತ್ತು. ದುರ್ಗೆಯ ಬಗ್ಗೆ ಹುಡುಕುವ ವಿದ್ಯಾರ್ಥಿಗೆ ಈ ಚಿತ್ರ ಸಿಗುತ್ತಿತ್ತು, ಸಂಗ್ರಹಾಲಯವೇ ಹೇಳಿದೆ ಎಂದು ಅವನು ನಂಬುತ್ತಿದ್ದ.

ಡಿಜಿಟಲೀಕರಣವೆಂದರೆ ಒಳ್ಳೆಯ ಕ್ಯಾಮೆರಾ, ದೊಡ್ಡ ಫೈಲು ಎಂದುಕೊಂಡಿದ್ದೆ. ಅದೂ ಬೇಕು. ಮೊಟ್ಟೆಯ ಬಿಳಿ ಲೇಪಿಸಿದ ಕಾಗದದ ಮೇಲಿನ ಹಳೆಯ ಮುದ್ರಣಗಳು ಕಾಲ ಕಳೆದಂತೆ ಹಳದಿಗಟ್ಟಿ ಮಾಸುತ್ತವೆ. ಪಕ್ಕದಲ್ಲಿ ಬಣ್ಣದ ಅಳತೆಪಟ್ಟಿ ಇಟ್ಟೇ ಚಿತ್ರ ತೆಗೆಯುತ್ತೇವೆ, ಮುಂದೆ ಎಷ್ಟು ಮಾಸಿತೆಂದು ತಿಳಿಯಲಿ ಎಂದು. ಹಿಂಬದಿಯನ್ನೂ ಬಿಡುವುದಿಲ್ಲ, ಪೆನ್ಸಿಲ್ಲಿನ ಒಂದು ಗೀಟೂ ಸಾಕ್ಷಿಯಾದೀತು. ಆದರೆ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಚಿತ್ರ ಯಾರಿಗೂ ಸಿಗುವುದಿಲ್ಲ. ಅದನ್ನು ಹುಡುಕಿಕೊಡುವುದು ಪಕ್ಕದಲ್ಲಿ ನಾವು ಬರೆದ ನಾಲ್ಕು ಸಾಲು. ಐಹೊಳೆ ‘ಇವಲ್ಲಿ’ಯಾಗಿ, ಹಳೇಬೀಡು ‘ಹುಲ್ಲಾಬೀಡ್’ ಆಗಿ ಮಾತ್ರ ಉಳಿದರೆ, ಆ ಊರಿನವರೇ ತಮ್ಮ ಊರನ್ನು ಹುಡುಕಲಾರರು. ಹಾಗೆಂದು ಹಳೆಯ ಹೆಸರನ್ನು ಅಳಿಸುವಂತೆಯೂ ಇಲ್ಲ. ಅದೂ ಚರಿತ್ರೆಯೇ.

ನನ್ನ ದಾಖಲೆಯನ್ನು ಮತ್ತೆ ಬರೆದೆ. ಹಾಳೆಯ ಮೇಲಿದ್ದ ಹೆಸರು: ಇವಲ್ಲಿ. ಇಂದಿನ ಹೆಸರು: ಐಹೊಳೆ, ಬಾಗಲಕೋಟೆ ಜಿಲ್ಲೆ. ಚಿತ್ರ ತೆಗೆದದ್ದು 1855ರ ಸುಮಾರಿಗೆ. ಪುಸ್ತಕದಲ್ಲಿ ಅಚ್ಚಾದದ್ದು 1866ರಲ್ಲಿ. ಈ ಎರಡನ್ನೂ ಒಂದೇ ಕಾಲಮ್ಮಿಗೆ ತುರುಕಲಿಲ್ಲ. ‘ದುರ್ಗಾದೇವಿ’ಯನ್ನು ಅಳಿಸಿ ‘ಕೋಟೆ’ ಎಂದು ಸೇರಿಸಿದೆ. ಮೊದಲು ಏನು ಬರೆದಿದ್ದೆ, ಯಾಕೆ ಬದಲಿಸಿದೆ ಎಂಬುದನ್ನೂ ಕೆಳಗೆ ನಮೂದಿಸಿದೆ.

ಕೆಲ ತಿಂಗಳ ಬಳಿಕ ಐಹೊಳೆಗೆ ಹೋದೆ. ಸುತ್ತ ಹುಲ್ಲುಹಾಸು, ಶುಚಿಯಾದ ಅಂಗಳ. ಮಾಳಿಗೆಯ ಮೇಲೆ ಕೋಟೆ ಗೋಡೆಯಿಲ್ಲ. ಅದನ್ನು ಎಂದೋ ತೆಗೆದಿದ್ದಾರೆ. ಶಾಲೆಯ ಮಕ್ಕಳ ಗುಂಪೊಂದು ಬಂತು. ಒಬ್ಬ ಹುಡುಗಿ ಒಳಗೆಲ್ಲ ಸುತ್ತಾಡಿ ಹೊರಬಂದು, “ದುರ್ಗಮ್ಮ ಎಲ್ಲದಾಳ್ರೀ?” ಎಂದು ಮೇಷ್ಟರನ್ನು ಕೇಳಿದಳು. ಮೇಷ್ಟರು ಸುಮ್ಮನೆ ನಕ್ಕರು.

ನಾನು ಮೊಬೈಲು ತೆಗೆದು ಆ ಚಿತ್ರವನ್ನು ಅವಳಿಗೆ ತೋರಿಸಿದೆ. ಗುಡಿಯನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿದಳು. “ಮ್ಯಾಲೆ ಕೋಟಿ ಇತ್ತೇನ್ರೀ?” ಎಂದಳು. ಹೌದೆಂದೆ. ಅವಳು ಗೆಳತಿಯರನ್ನು ಕರೆಯಲು ಓಡಿದಳು.