ಜೀಪಿನ ಮುಂದಿನ ಅಚ್ಚು ಯಾಕ ಸವೀತದ? ಬಂಡಿಯಿಂದ ಥಾರ್ ತನಕ

ಭಾಗ 1/7: ಬಂಡಿಯ ಅಚ್ಚು

ಹಳೇ ಜೀಪಿನ ಫೋಟೋ ಹಾಕಿದಾಗೆಲ್ಲ ಕಮೆಂಟಿನಾಗ ಒಂದು ಪ್ರಶ್ನೆ ಬಂದೇ ಬರ್ತದ: "ಲಿಫ್ಟ್ ಮಾಡಿಸಿದ್ರ ಮುಂದಿನ ಅಚ್ಚು ಲಗೂ ಸವೀತದಂತ, ಖರೇನಾ?" ಒಂದು ಸಾಲಿನ ಉತ್ತರ: ಖರೆ. ಆದ್ರ ಎಲ್ಲಿ ಸವೀತದ, ಯಾಕ ಸವೀತದ ಅನ್ನೋದು ಗಾಡಿಯಿಂದ ಗಾಡಿಗೆ ಬ್ಯಾರೆ. ಅದು ತಿಳೀಬೇಕಂದ್ರ ಈ ಅಚ್ಚು ಎಲ್ಲಿಂದ ಬಂತು ಅಂತ ನೋಡಬೇಕು. ಅದಕ್ಕೇ ಈ ಏಳು ಭಾಗ.

ಮೊದಲು ಬಂಡಿ. ನಮ್ಮ ಕಲಬುರಗಿ ಕಡೆಯ ಎರಿ ಹೊಲ ಬ್ಯಾಸಗಿಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಬಿಡೋದೇ ಇಲ್ಲ. ಕಟ್ಟಿಗೆ ಗಾಲಿಯ ಹಳೇ ಬಂಡಿಯ ಗಾಲಿ ದೊಡ್ಡದಿರುತ್ತಿತ್ತು. ಗಾಲಿ ದೊಡ್ಡದಾದಷ್ಟು ಅಚ್ಚು ನೆಲದಿಂದ ಮೇಲೇಳುತ್ತದೆ, ಕೆಸರಿಗೆ ತಾಗೋದಿಲ್ಲ. ಆಮೇಲೆ ಬಂದ ಟಾಯರ್ ಬಂಡಿ ಎಳೆಯೋಕೆ ಹಗುರ, ಆದರೆ ಅದರ ಗಾಲಿ ಸಣ್ಣದು, ಅಚ್ಚು ಕೆಳಗೆ.

ಬಂಡಿಯಲ್ಲಿ ಅಚ್ಚು ತಿರುಗೋದಿಲ್ಲ, ಗಾಲಿ ಮಾತ್ರ ತಿರುಗುತ್ತದೆ. ಸವೆಯುವುದು ಅಚ್ಚಿನ ತುದಿ ಮತ್ತು ಗುಂಬದ ಒಳಭಾಗ. ಅದಕ್ಕೆ ಔಷಧ ಕೀಲೆಣ್ಣೆ. ಗಾಲಿ ಕಳಚಿ ಬೀಳದಂತೆ ಹೊರಗೆ ಒಂದು ಕಡಾಣಿ. ಅಷ್ಟೇ. ಬಂಡಿಯ ಅಚ್ಚು ಗಾಲಿಗೆ ಶಕ್ತಿ ಕೊಡಬೇಕಿಲ್ಲ, ಗಾಲಿಯನ್ನು ತಿರುವಿ ದಾರಿ ಬದಲಿಸಬೇಕಿಲ್ಲ. ಎರಡೂ ಕೆಲಸ ಎತ್ತುಗಳೇ ಮಾಡುತ್ತವೆ.

ಜೀಪಿನ ಮುಂದಿನ ಅಚ್ಚಿಗೆ ಎತ್ತುಗಳಿಲ್ಲ. ಎರಡೂ ಕೆಲಸ ಅದರದ್ದೇ. ಸವಕಳಿಯ ಕಥೆ ಶುರುವಾಗೋದು ಅಲ್ಲಿಂದ.

ಭಾಗ 2/7: ಬಾಗಿದ ಕೀಲಿನ ಲೆಕ್ಕ

ಹಿಂದಿನ ಗಾಲಿ ಯಾವಾಗಲೂ ನೆಟ್ಟಗೆ ಇರುತ್ತದೆ. ಶಕ್ತಿ ಕೊಡುವ ಶಾಫ್ಟ್ ಕೂಡ ನೆಟ್ಟಗೆ ಇದ್ದರೆ ಸಾಕು. ಮುಂದಿನ ಗಾಲಿ ಹಂಗಲ್ಲ. ಸ್ಟೇರಿಂಗ್ ತಿರುವಿದರೆ ಗಾಲಿ ಓರೆಯಾಗುತ್ತದೆ, ಆ ಓರೆಯಲ್ಲೂ ಅದಕ್ಕೆ ಶಕ್ತಿ ಮುಟ್ಟಬೇಕು. ಅಂದರೆ ಶಾಫ್ಟಿನ ನಡುವೆ ಬಾಗುವ ಒಂದು ಕೀಲು ಬೇಕು.

ಅಂಥ ಕೀಲನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1676ರಲ್ಲೇ ವಿವರಿಸಿದ್ದ. ಗ್ಯಾರೇಜಿನಲ್ಲಿ ನಾವು "ಕ್ರಾಸ್" ಅಂತೀವಲ್ಲ, ಅದೇ. ಆದರೆ ಅದರಲ್ಲಿ ಒಂದು ದೋಷ ಅದ. ಕೀಲು ಬಾಗಿದ್ದಾಗ ಒಂದು ಕಡೆ ಸಮವಾಗಿ ತಿರುಗಿಸಿದರೂ ಇನ್ನೊಂದು ಕಡೆ ಸಮವಾಗಿ ತಿರುಗೋದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಜೋರಾಗುತ್ತದೆ, ಎರಡು ಸಲ ನಿಧಾನವಾಗುತ್ತದೆ.

ಲೆಕ್ಕ ನೋಡ್ರಿ. ಒಳಗಿನ ವೇಗ 100 ಇರಲಿ. ಕೀಲು 10 ಡಿಗ್ರಿ ಬಾಗಿದ್ದರೆ ಹೊರಗಿನ ವೇಗ 98.5ರಿಂದ 101.5ರ ನಡುವೆ ಆಡುತ್ತದೆ. ಗೊತ್ತೇ ಆಗೋದಿಲ್ಲ. 30 ಡಿಗ್ರಿ ಬಾಗಿದರೆ 87ರಿಂದ 115ರ ತನಕ. ಬಾಗು ಮೂರು ಪಟ್ಟಾದರೆ ಜಗ್ಗಾಟ ಸುಮಾರು ಒಂಬತ್ತು ಪಟ್ಟು! ಈ ಜಗ್ಗಾಟವೇ ಬೇರಿಂಗನ್ನು ತಿನ್ನುತ್ತದೆ. ಈ ಒಂದು ಲೆಕ್ಕ ನೆನಪಿಡ್ರಿ, ಭಾಗ 5ರಲ್ಲಿ ಬೇಕಾಗ್ತದ.

ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಟ್ರಕ್ಕನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನ ಆಟೋ ಜಾಕೋವ್ ಮತ್ತು ವಿಲಿಯಂ ಬೆಸರ್ಡಿಕ್ ಮಾಡಿ ತೋರಿಸಿದರು. ಅವರಿಬ್ಬರದ್ದು ಮಷೀನ್ ಶಾಪ್. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅವರ ಕಂಪನಿಯ ಟ್ರಕ್ಕುಗಳು ಮೊದಲನೇ ಮಹಾಯುದ್ಧದ ಕೆಸರಿನಲ್ಲಿ ಓಡಿದವು.

ಭಾಗ 3/7: ಒಂದು ಜೀಪು, ನಾಲ್ಕು ಥರದ ಕೀಲು

1920ರ ದಶಕದಲ್ಲಿ ಹುಕ್ ಕೀಲಿನ ದೋಷಕ್ಕೆ ಪರಿಹಾರ ಬಂತು. ಫ್ರಾನ್ಸಿನಲ್ಲಿ ಗ್ರೆಗ್ವಾರ್ ಮತ್ತು ಫೆನಾಯ್ 1926ರಲ್ಲಿ ಟ್ರಾಕ್ಟಾ ಕೀಲು ಮಾಡಿದರು. ಅದೇ ದಶಕದಲ್ಲಿ ಅಮೆರಿಕದಲ್ಲಿ ಆಲ್ಫ್ರೆಡ್ ರೆಜೆಪ್ಪಾ ಎಂಬ ಇಂಜಿನಿಯರ್ ಉಕ್ಕಿನ ಗುಂಡುಗಳು ಗಾಡಿಯಲ್ಲಿ ಉರುಳುವ ಕೀಲು ಕಂಡುಹಿಡಿದ (ಇಲ್ಲಿ ಗಾಡಿ ಅಂದ್ರ ಗೀರಿದ ಕಾಲುವೆಯಂಥ ಜಾಗ). ಇವು ಬಾಗಿದರೂ ಎರಡೂ ಕಡೆ ವೇಗ ಒಂದೇ. ಇವತ್ತು ನಾವು ಸಿವಿ ಜಾಯಿಂಟ್ ಅಂತ ಕರೆಯೋದು ಇವುಗಳನ್ನೇ.

1940ರ ಬ್ಯಾಸಗಿಯಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆಯಿತು: ಸಣ್ಣ, ಹಗುರ, ನಾಲ್ಕೂ ಗಾಲಿ ಎಳೆಯುವ ಗಾಡಿ ಬೇಕು, ಮಾದರಿ ಗಾಡಿಗೆ 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಸೆಪ್ಟೆಂಬರ್ 23ಕ್ಕೆ ಗಾಡಿ ತಂದು ನಿಲ್ಲಿಸಿತು. ಅಷ್ಟು ಅವಸರದಲ್ಲಿ ಹೊಸ ಅಚ್ಚು ಎಲ್ಲಿಂದ ತರೋದು? ಸ್ಪೈಸರ್ ಕಂಪನಿ ಸ್ಟುಡಿಬೇಕರ್ ಚಾಂಪಿಯನ್ ಎಂಬ ಮನೆಬಳಕೆಯ ಕಾರಿನ ಅಚ್ಚನ್ನೇ ತಿದ್ದಿ ಕೊಟ್ಟಿತು. ಜೀಪಿನ ಅಚ್ಚಿನ ಮೂಲ ಯುದ್ಧದ ಟ್ಯಾಂಕಲ್ಲ, ಸಂಸಾರದ ಕಾರು!

ಯುದ್ಧದ ಹೊತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಅಷ್ಟು ಕೀಲು ಒಂದೇ ಕಡೆ ಸಿಗುತ್ತಿರಲಿಲ್ಲ. ಹಂಗಾಗಿ ಬೆಂಡಿಕ್ಸ್, ರೆಜೆಪ್ಪಾ, ಟ್ರಾಕ್ಟಾ, ಸ್ಪೈಸರ್ ಎಂಬ ನಾಲ್ಕು ಥರದ ಕೀಲು ಒಂದೇ ಮಾದರಿಯ ಜೀಪಿನಲ್ಲಿ ಬಂದವು.

ಆ ಅಚ್ಚಿನ ತುದಿಯಲ್ಲಿ ಒಂದು ಉಕ್ಕಿನ ಗುಂಡು, ಅದರೊಳಗೆ ಕೀಲು, ಮೇಲೆ ಕೆಳಗೆ ಕಿಂಗ್ ಪಿನ್ ಬೇರಿಂಗ್, ಧೂಳು ತಡೆಯಲು ಫೆಲ್ಟ್ ಬಟ್ಟೆಯ ಸೀಲು. ಆ ಫೆಲ್ಟಿನಲ್ಲಿ ಮರಳು ಕೂತಿತು ಅಂದ್ರ ಗುಂಡಿಗೇ ಗೀರು ಬೀಳ್ತದ. ಗೀರಿನಿಂದ ಗ್ರೀಸು ಹೊರಗ, ನೀರು ಒಳಗ. ಹಳೇ ಜೀಪಿನ ಅಚ್ಚು ಸಾಯೋದು ಬಹಳ ಸಲ ಹೊಡೆತಕ್ಕಲ್ಲ, ಈ ನೀರಿಗೆ.

ಭಾಗ 4/7: ಜೀಪು ನಮ್ಮ ಕಡೆ ಬಂತು

ಆಗ ನಮ್ಮ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 1932ರಲ್ಲಿ 27 ಬಸ್ಸುಗಳಿಂದ ಶುರುವಾಗಿತ್ತು. ಆದರೆ ಬಸ್ಸಿಗೆ ರೋಡು ಬೇಕು. ರೋಡು ಮುಗಿದ ಕಡೆ ಹೋಗುವ ಗಾಡಿ ಜೀಪು.

1945ರ ಅಕ್ಟೋಬರ್ 2ರಂದು ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ ಹುಟ್ಟಿತು. ದೇಶ ಇಬ್ಭಾಗವಾದ ಮೇಲೆ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋದರು, 1948ರಲ್ಲಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. 1940ರ ದಶಕದ ಕೊನೆಗೆ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದರು. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು.

ಅದೇ 1948ರಲ್ಲಿ ಅಮೆರಿಕದಲ್ಲಿ ಇನ್ನೊಂದು ಘಟನೆ. ಯುದ್ಧ ಮುಗಿದು ಜೀಪುಗಳು ಊರಿನ ರೋಡಿಗೆ ಬಂದಿದ್ದವು. ಟೂ ವೀಲಿನಲ್ಲಿ ಓಡುವಾಗಲೂ ಮುಂದಿನ ಅಚ್ಚು ಸುಮ್ಮನೆ ತಿರುಗುತ್ತಿತ್ತು. ಕೆಲಸ ಇಲ್ಲದಿದ್ದರೂ ಸವಕಳಿ! ಆರ್ಥರ್ ವಾರ್ನ್ ಎಂಬಾತ ಗಾಲಿಯನ್ನು ಅಚ್ಚಿನಿಂದ ಬಿಡಿಸುವ ಹಬ್ ಮಾಡಿ ಮಾರಿದ. ಹಬ್ ಬಿಡಿಸಿದರೆ ಗಾಲಿ ತಿರುಗುತ್ತದೆ, ಒಳಗಿನ ಶಾಫ್ಟು ನಿಂತಿರುತ್ತದೆ. ಅಂದರೆ ಮುಂದಿನ ಅಚ್ಚಿನ ಸವಕಳಿ 75 ವರ್ಷಕ್ಕಿಂತ ಹಳೇ ಚಿಂತೆ.

ಇನ್ನೊಂದು ಮಾತು. ಮಹಾಗಾಂವ ಕ್ರಾಸ್‌ನಿಂದ ಕಲಬುರಗಿಗೆ, ಕಮಲಾಪುರಕ್ಕೆ ಹೋಗೋದು ರಾಷ್ಟ್ರೀಯ ಹೆದ್ದಾರಿ 50, ಗಟ್ಟಿ ರೋಡು. ಜೀಪಿನಂಥ ಗಾಡಿಯಲ್ಲಿ ಇಂಥ ರೋಡಿನ ಮ್ಯಾಲ ಫೋರ್ ವೀಲ್ ಹಾಕಬ್ಯಾಡ್ರಿ. ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದೂರ ಓಡುತ್ತದೆ, ಹಿಂದಿನದು ಕಡಿಮೆ. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಗಟ್ಟಿ ರೋಡಿನಲ್ಲಿ ಜಾರೋದಿಲ್ಲ, ಆ ಹಟ ಪೂರಾ ಶಾಫ್ಟಿನ ಮೇಲೆ, ಕ್ರಾಸಿನ ಮೇಲೆ ಬೀಳುತ್ತದೆ.

ಭಾಗ 5/7: ಎತ್ತರ ಮಾಡಿದಾಗ ಏನಾಗ್ತದ

ಈಗ ಅಸಲಿ ವಿಷಯ. ಗಾಡಿ ಎರಡು ಥರ.

ಒಂದು, ಮುಂದೆ ಅಖಂಡ ಅಚ್ಚು ಇರುವವು: ಹಳೇ ಮಹೀಂದ್ರ ಜೀಪು, 1985ರಲ್ಲಿ ಬಂದ ಮಾರುತಿ ಜಿಪ್ಸಿ. ಇವಕ್ಕೆ ಪಾಟಾ ಸೇರಿಸಿ, ಶ್ಯಾಕಲ್ ಉದ್ದ ಮಾಡಿ ಎತ್ತರಿಸುತ್ತಾರೆ. ಆಗ ಮೇಲೇಳೋದು ಬಾಡಿ ಮಾತ್ರ. ಅಚ್ಚು, ಅದರ ನಡುವಿನ ದುಂಡನೆಯ ಹೌಸಿಂಗ್ ಇದ್ದಲ್ಲೇ ಇರುತ್ತವೆ. ಕಲ್ಲಿಗೆ ತಾಗೋದು ಅದೇ ಹೌಸಿಂಗ್! ಅದು ಮೇಲೇಳಬೇಕಂದ್ರ ಗಾಲಿ ದೊಡ್ಡದಾಗಬೇಕು, ಬಂಡಿಯ ಹಂಗ. ಗಾಲಿಯ ಹತ್ತಿರದ ಕೀಲಿನ ಬಾಗು ಇಲ್ಲಿ ಬದಲಾಗೋದಿಲ್ಲ. ಬದಲಾಗೋದು ಗೇರ್ ಕಡೆಯಿಂದ ಅಚ್ಚಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಬಾಗು. ಅಲ್ಲಿರೋದು ಹುಕ್‌ನ ಹಳೇ ಕ್ರಾಸ್. ಭಾಗ 2ರ ಲೆಕ್ಕ ಇಲ್ಲಿ ಹಚ್ಚಿ ನೋಡ್ರಿ. ಜೊತೆಗೆ ಶ್ಯಾಕಲ್ ಉದ್ದವಾದರೆ ಅಚ್ಚೇ ಸ್ವಲ್ಪ ಹೊರಳಿ ಕೂರುತ್ತದೆ, ಕ್ಯಾಸ್ಟರ್ ಕೋನ ಕೆಡುತ್ತದೆ. ಆಗ ಸ್ಟೇರಿಂಗ್ ತಾನಾಗಿ ನೆಟ್ಟಗಾಗೋದಿಲ್ಲ, ವೇಗದಲ್ಲಿ ಗಡಗಡ ನಡುಗುತ್ತದೆ. ಆ ನಡುಕ ಕಿಂಗ್ ಪಿನ್ ಬೇರಿಂಗನ್ನು ಸವೆಸುತ್ತದೆ, ಸವೆದ ಬೇರಿಂಗು ನಡುಕವನ್ನು ಹೆಚ್ಚಿಸುತ್ತದೆ.

ಎರಡು, ಮುಂದಿನ ಎರಡು ಗಾಲಿ ಬ್ಯಾರೆ ಬ್ಯಾರೆ ಆಡುವ ಗಾಡಿಗಳು: 2020ರ ಅಕ್ಟೋಬರ್ 2ಕ್ಕೆ ಬಂದ ಹೊಸ ಥಾರ್ ಈ ಥರದ್ದು. ಇಲ್ಲಿ ಡಿಫರೆನ್ಷಿಯಲ್ ಬಾಡಿ ಜೊತೆ ಮೇಲೇಳುತ್ತದೆ, ಗಾಲಿ ಕೆಳಗೇ ಉಳಿಯುತ್ತದೆ. ನಡುವಿನ ಶಾಫ್ಟು ಓರೆಯಾಗುತ್ತದೆ. ನೆಟ್ಟಗೆ ಹೋಗುವಾಗಲೂ ಓರೆ, ನಿಂತಾಗಲೂ ಓರೆ. ಸಿವಿ ಜಾಯಿಂಟ್ ವೇಗ ಸಮ ಇಡುತ್ತದೆ ಖರೆ, ಆದರೆ ಗುಂಡುಗಳು ಯಾವಾಗಲೂ ದೂರದೂರ ಉರುಳಿ ಬಿಸಿಯಾಗುತ್ತವೆ. ರಬ್ಬರ್ ಬೂಟ್ ಒಂದೇ ಕಡೆ ಮಡಚಿ ಸೀಳುತ್ತದೆ. ಗ್ರೀಸು ಹೊರಗೆ, ಎರಿ ಮಣ್ಣು ಒಳಗೆ.

ದೊಡ್ಡ ಟಾಯರಿಗೂ ಬೆಲೆ ಅದ. 29 ಇಂಚಿನ ಬದಲು 33 ಇಂಚು ಹಾಕಿದರೆ ಅಷ್ಟೇ ಎಳೆತಕ್ಕೆ ಶಾಫ್ಟಿನ ಮೇಲೆ ಸುಮಾರು 14% ಹೆಚ್ಚು ತಿರುಚು ಬೀಳುತ್ತದೆ.

ಕೀಲಿಗೆ ಬಾಗು ಕೊಡದೆ ಎತ್ತರ ಮಾಡೋಕೆ ಆಗೋದೇ ಇಲ್ಲೇನು? ಆಗ್ತದ. ಜರ್ಮನಿಯ ಯುನಿಮೋಗ್ ಗಾಡಿಯಲ್ಲಿ ಅಚ್ಚು ಗಾಲಿಯ ನಡುವಿಗಿಂತ ಮೇಲಿರುತ್ತದೆ, ತುದಿಯ ಗೇರುಗಳು ಶಕ್ತಿಯನ್ನು ಕೆಳಗಿಳಿಸುತ್ತವೆ. ಅದು ಕಾರ್ಖಾನೆಯಲ್ಲೇ ಹಂಗ ಹುಟ್ಟಿದ್ದು, ಕಿಟ್ ತಂದು ಹಚ್ಚಿದ್ದಲ್ಲ.

ಭಾಗ 6/7: ಸವಕಳಿ, ಪುಸ್ತಕದ್ದು ಮತ್ತು ಗಾಡಿಯದ್ದು

ನಾನು ಬಿಕಾಂ ಹುಡುಗ, ಹಂಗಾಗಿ ಇದು ಹೇಳಲೇಬೇಕು. ನಮ್ಮ ಲೆಕ್ಕಶಾಸ್ತ್ರದಲ್ಲಿ ಆಸ್ತಿಯ ಬೆಲೆ ವರ್ಷವರ್ಷ ಇಳಿಯೋದಕ್ಕೆ "ಸವಕಳಿ" ಅಂತಾರೆ. ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರಕ್ಕೆ ಬಳಸುವ ಕಾರಿಗೆ 15%, ಬಾಡಿಗೆಗೆ ಓಡಿಸುವ ಗಾಡಿಗೆ 30%. ಹತ್ತು ಲಕ್ಷದ ಕಾರು ಒಂದು ವರ್ಷಕ್ಕೆ 8,50,000, ಎರಡನೇ ವರ್ಷಕ್ಕೆ 7,22,500. ನೀಟಾಗಿ ಇಳಿಯುತ್ತದೆ.

ಬಾಡಿಗೆ ಗಾಡಿಗೆ ಎರಡು ಪಟ್ಟು ಯಾಕಿಟ್ಟಾರ ಅಂದ್ರ ಅದು ಹೆಚ್ಚು ಓಡ್ತದ, ಹೆಚ್ಚು ಸವೀತದ. ಆದರೆ ಲಿಫ್ಟ್ ಮಾಡಿದ ಗಾಡಿಗೆ ಬ್ಯಾರೆ ದರ ಯಾವ ಪುಸ್ತಕದಲ್ಲೂ ಇಲ್ಲ. ಅಚ್ಚು ವರ್ಷದ ಲೆಕ್ಕದಲ್ಲಿ ಸವೆಯೋದಿಲ್ಲ, ಬಾಗಿನ ಲೆಕ್ಕದಲ್ಲಿ ಸವೆಯುತ್ತದೆ. ಕಿಟ್ಟಿಗೆ ಒಮ್ಮೆ ರೊಕ್ಕ ಕೊಡ್ತೀವಿ, ಕ್ರಾಸು, ಬೂಟು, ಬೇರಿಂಗಿಗೆ ಆಮೇಲೆ ಕೊಡ್ತಾನೇ ಇರ್ತೀವಿ. ಕಿಟ್ ಮಾರೋರ ರೀಲ್ಸಿನಾಗ ಮೊದಲನೇ ಖರ್ಚು ಮಾತ್ರ ಕಾಣ್ತದ.

ಕಾನೂನೂ ಅದ. ಮೋಟಾರು ವಾಹನ ಕಾಯ್ದೆ 1988ರ ಕಲಂ 52 ಗಾಡಿಯ ರೂಪ ಬದಲಿಸೋದನ್ನು ನಿರ್ಬಂಧಿಸುತ್ತದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ತೀರ್ಪು ಕೊಟ್ಟಿತು. ವಿಮೆ ಕಂಪನಿಗೆ ತಿಳಿಸದೆ ಬದಲಿಸಿದರೆ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು.

ಇದೆಲ್ಲ ರೊಕ್ಕದ ಮಾತಾಯಿತು. ಜೀವದ ಮಾತು ಒಂದದ. ಹಿಂದಿನ ಅಚ್ಚಿನ ಕ್ರಾಸ್ ಹೋದರೆ ಬಹುತೇಕ ಗಾಡಿ ನಿಲ್ಲುತ್ತದೆ. ಮುಂದಿನ ಕಿಂಗ್ ಪಿನ್, ಬಾಲ್ ಜಾಯಿಂಟ್ ಪೂರಾ ಸವೆದರೆ ಸ್ಟೇರಿಂಗ್ ಕೈಯಲ್ಲಿ ಉಳಿಯೋದಿಲ್ಲ. ಎದುರಿಗೆ ಬರೋದು ಬೈಕ್ ಮೇಲಿನ ಗಂಡ ಹೆಂಡ್ತಿ ಇರಬಹುದು, ಸಾಲಿ ಹುಡುಗರ ಆಟೋ ಇರಬಹುದು. ಅವರಂತೂ ಲಿಫ್ಟ್ ಕೇಳಿರ್ಲಿಲ್ಲ.

ಭಾಗ 7/7: ಈಗಾಗಲೇ ಲಿಫ್ಟ್ ಆಗಿದ್ರ ಏನು ಮಾಡಬೇಕು

ಸೇವ್ ಮಾಡಿಟ್ಕೊಳ್ರಿ.

1. ಮುಂದಿನ ಗಾಲಿ ಜಾಕ್ ಹಚ್ಚಿ ಎತ್ತರಿಸಿ, ಸ್ಟ್ಯಾಂಡ್ ಕೊಟ್ಟು, ಗಾಲಿಯ ಮ್ಯಾಲ ಕೆಳಗ ಹಿಡಿದು ಅಲುಗಾಡಿಸ್ರಿ. ಆಡಿದ್ರ ಕಿಂಗ್ ಪಿನ್, ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಎಡಕ್ಕ ಬಲಕ್ಕ ಹಿಡಿದು ಆಡಿಸಿದಾಗ ಮಾತ್ರ ಆಡಿದ್ರ ಟೈ ರಾಡ್ ನೋಡಿಸ್ರಿ.

2. ಮಣ್ಣಿನ ಮೈದಾನದಾಗ ಸ್ಟೇರಿಂಗ್ ಪೂರಾ ತಿರುವಿ, ಫೋರ್ ವೀಲಿನಾಗ ನಿಧಾನ ಓಡಿಸ್ರಿ. ಕಟಕಟ ಸಪ್ಪಳ ಬಂದ್ರ ಗಾಲಿ ಹತ್ತಿರದ ಕೀಲು ಸವೆದದ.

3. ಗಾಡಿ ಕೆಳಗ ಬಗ್ಗಿ ನೋಡ್ರಿ. ಬೂಟ್ ಸೀಳಿದ್ರ, ಗಾಲಿ ಒಳಗ ಗ್ರೀಸ್ ಚಿಮ್ಮಿದ್ರ, ಅದೇ ವಾರ ಬದಲಿಸ್ರಿ. ಬೂಟ್ ಖರ್ಚು ಸಣ್ಣದು, ಜಾಯಿಂಟ್ ಖರ್ಚು ದೊಡ್ಡದು.

4. ಹಳ್ಳ ದಾಟಿ ಬಂದ ಮ್ಯಾಲ ಹೌಸಿಂಗ್ ಎಣ್ಣಿ ನೋಡ್ರಿ. ಹಾಲಿನಂಗ ಬೆಳ್ಳಗಾಗಿದ್ರ ನೀರು ಹೊಕ್ಕದ.

5. ಲಿಫ್ಟ್ ಮಾಡಿದವರು ಕ್ಯಾಸ್ಟರ್ ತಿದ್ದಿ ಅಲೈನ್‌ಮೆಂಟ್ ಮಾಡ್ಯಾರೋ ಇಲ್ಲೋ ಕೇಳ್ರಿ. ಮಾಡಿರದಿದ್ರ, ಮಾಡಿಸೋತನಕ ಹೆದ್ದಾರಿ ವೇಗ ಬ್ಯಾಡ.

6. ಇದ್ಯಾವುದೂ ಬಗಿಹರೀದಿದ್ರ ಕಂಪನಿ ಸ್ಪ್ರಿಂಗ್ ವಾಪಸ್ ಹಾಕಿಸ್ರಿ. ಇದರಾಗ ಮರ್ಯಾದಿ ಹೋಗೂದೇನಿಲ್ಲ. 1940ರ ಆ ಜೀಪು ಲಿಫ್ಟ್ ಇಲ್ಲದೇ ಯುದ್ಧ ಮಾಡಿ ಬಂದದ.

ನಿಮ್ಮ ಮನ್ಯಾಗ, ಹೊಲದಾಗ ಹಳೇ ಜೀಪು ನಿಂತಿದ್ರ ಅದರ ಮುಂದಿನ ಅಚ್ಚಿನ ಫೋಟೋ ಕಳಸ್ರಿ. ಗುಂಡಿನ ಥರದ ನಕಲ್ ಇದ್ದ ಫೋಟೋ ಸಿಕ್ರ ಭಾಳ ಚೊಲೊ. ಮುಂದಿನ ಸರಣಿ ಟಾಯರ್ ಬಂಡಿ ಮ್ಯಾಲ.

#ಮಹಾಗಾಂವ #ಕಮಲಾಪುರ #ಕಲಬುರಗಿ #ಹಳೇಜೀಪು #ಅಚ್ಚಿನಕಥೆ