ಮಗಳ ಕಾಲೇಜು ಪಟ್ಟಿ ಮತ್ತು ಒಂದಿಷ್ಟು ಹಳೇ ಕತೆ

ಕಳೆದ ಭಾನುವಾರ ಬೆಳಿಗ್ಗೆ ಅವಲಕ್ಕಿಗೆ ಒಗ್ಗರಣೆ ಹಾಕ್ತಾ ಇದ್ದೆ. ಮಗಳು ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟು, "ಅಪ್ಪಾ, ನಿನ್ನ ಪಟ್ಟಿ, ನನ್ನ ಪಟ್ಟಿ ಎರಡನ್ನೂ ಅಕ್ಕಪಕ್ಕ ಇಟ್ಟಿದೀನಿ, ನೋಡು" ಅಂದಳು. ನನ್ನದರಲ್ಲಿ ಹದಿನಾಲ್ಕು ಹೆಸರು. ಎಲ್ಲವೂ ದಾವಣಗೆರೆಯ ನಮ್ಮ ನೆಂಟರಿಗೂ ಗೊತ್ತಿರುವಂಥವು. ಅವಳದರಲ್ಲಿ ಎಲ್ಲಕ್ಕಿಂತ ಮೇಲೆ ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿ, ಕೆಳಗೆ ನಾನು ಕೇಳೇ ಇರದ ಎರಡು ಸಣ್ಣ ಕಾಲೇಜು!

ಅವಳಿಗೆ ಡಾಕ್ಟರಾಗುವ ಆಸೆ. ನಮ್ಮ ಕಾಲದಲ್ಲಿ ಪಿಯುಸಿ, ಸಿಇಟಿ ರ‍್ಯಾಂಕು, ಬೆಂಗಳೂರಿನಲ್ಲಿ ಕೌನ್ಸೆಲಿಂಗು, ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ನನ್ನ ಹಾಗೆ ಇಂಜಿನಿಯರಿಂಗು. ಅಮೆರಿಕದಲ್ಲಿ ಹಾಗಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಎಂಕ್ಯಾಟ್ ಪರೀಕ್ಷೆ, ಆಮೇಲೆ ಮೆಡಿಕಲ್ ಸ್ಕೂಲು. ಪ್ರಿ-ಮೆಡ್ ಅಂದರೆ ಒಂದು ಕೋರ್ಸೂ ಅಲ್ಲ, ಒಂದು ಉದ್ದೇಶ ಅಷ್ಟೆ. ಈ ವಿಚಿತ್ರ ಪದ್ಧತಿ ಬಂದದ್ದಾದರೂ ಎಲ್ಲಿಂದ ಅಂತ ಅವತ್ತಿನಿಂದ ರಾತ್ರಿಯೆಲ್ಲ ಕೂತು ಓದ್ತಾ ಇದ್ದೀನಿ. ಓದಿದ್ದನ್ನು ನಿಮ್ಮ ಹತ್ತಿರವೂ ಹೇಳಿಕೊಳ್ಳೋಣ ಅನ್ನಿಸಿತು.

ಇಂಥ ಪಟ್ಟಿ ಹಿಡಿದು ಅಲೆದ ಹೆಣ್ಣುಮಗಳು ಅಂದರೆ ನನಗೆ ಮೊದಲು ನೆನಪಾಗೋದು ಎಲಿಜಬೆತ್ ಬ್ಲ್ಯಾಕ್‌ವೆಲ್. 1847ರಲ್ಲಿ ಆಕೆ ಫಿಲಡೆಲ್ಫಿಯಾ, ನ್ಯೂಯಾರ್ಕಿನ ದೊಡ್ಡ ಕಾಲೇಜುಗಳ ಬಾಗಿಲು ತಟ್ಟಿದಳು. ಎಲ್ಲ ಕಡೆ ಇಲ್ಲ. ಗಂಡಸಿನ ವೇಷ ಹಾಕಿಕೊಂಡು ಪ್ಯಾರಿಸ್‌ಗೆ ಹೋಗಮ್ಮ ಅಂತ ಹೇಳಿದವರೂ ಇದ್ದರು. ಒಪ್ಪಲಿಲ್ಲ ಪುಣ್ಯಾತ್ಗಿತ್ತಿ. ಆಮೇಲೆ ಸಣ್ಣಪುಟ್ಟ ಊರುಗಳ ಕಾಲೇಜುಗಳಿಗೆ ಬರೆದಳು. ನ್ಯೂಯಾರ್ಕ್ ರಾಜ್ಯದ ಒಳನಾಡಿನ ಜಿನೀವಾ ಅನ್ನೋ ಊರಿನ ಕಾಲೇಜು, ಈ ಅರ್ಜಿಯನ್ನು ಏನು ಮಾಡೋಣ ಅಂತ ವಿದ್ಯಾರ್ಥಿಗಳನ್ನೇ ಕೇಳಿತು. ಯಾರೋ ತಮಾಷೆ ಮಾಡ್ತಿದ್ದಾರೆ ಅಂದುಕೊಂಡು ಹುಡುಗರೆಲ್ಲ ಒಕ್ಕೊರಲಿನಿಂದ ಹೂಂ ಅಂದರು. ಆಕೆ ನಿಜವಾಗಲೂ ಬಂದು ಕೂತಳು. 1849ರಲ್ಲಿ ಡಿಗ್ರಿ ತಗೊಂಡು ಹೊರಗೆ ಬಂದಳು.

ಆ ಕಾಲದ ಮೆಡಿಕಲ್ ಕಾಲೇಜು ಅಂದರೆ ಏನು ಗೊತ್ತಾ? ಕೆಲವು ತಿಂಗಳ ಉಪನ್ಯಾಸ. ಎರಡನೇ ವರ್ಷ ಮತ್ತೆ ಅದೇ ಉಪನ್ಯಾಸ! ಹುಡುಗರು ಕೊಡುವ ಫೀಸು ಬಹುತೇಕ ಮೇಷ್ಟ್ರುಗಳ ಜೇಬಿಗೆ. ಓದು ಬರಹ ನೆಟ್ಟಗಿದ್ದರೆ ಅದೇ ದೊಡ್ಡದು. 1870ರ ಹೊತ್ತಿಗೆ ಹಾರ್ವರ್ಡ್ ಅಧ್ಯಕ್ಷ ಎಲಿಯಟ್ ಲಿಖಿತ ಪರೀಕ್ಷೆ ಇಡೋಣ ಅಂದಾಗ, ಅರ್ಧಕ್ಕರ್ಧ ಹುಡುಗರಿಗೆ ಸರಿಯಾಗಿ ಬರೆಯೋಕೇ ಬರೋದಿಲ್ಲ ಅಂತ ಅಲ್ಲಿನ ಶಸ್ತ್ರಚಿಕಿತ್ಸೆಯ ಪ್ರೊಫೆಸರೇ ವಿರೋಧಿಸಿದರಂತೆ.

ಇದನ್ನೆಲ್ಲ ಬದಲಾಯಿಸಿದ್ದು 1893ರಲ್ಲಿ ಬಾಲ್ಟಿಮೋರಿನಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲು. ದುಡ್ಡಿಲ್ಲದೆ ಕೆಲಸ ನಿಂತುಹೋಗಿತ್ತು. ಮೇರಿ ಗ್ಯಾರೆಟ್ ಅನ್ನೋ ಶ್ರೀಮಂತ ಮಹಿಳೆ ಮತ್ತು ಆಕೆಯ ಗೆಳತಿಯರು 5 ಲಕ್ಷ ಡಾಲರು ಒದಗಿಸಿದರು. ಆದರೆ ಷರತ್ತು ಹಾಕಿ. ಗಂಡಸರಿಗೆ ಯಾವ ನಿಯಮವೋ ಹೆಂಗಸರಿಗೂ ಅದೇ ಇರಬೇಕು. ಬರುವವರು ಮೊದಲೇ ಡಿಗ್ರಿ ಮುಗಿಸಿರಬೇಕು, ವಿಜ್ಞಾನ ಓದಿರಬೇಕು, ಫ್ರೆಂಚ್, ಜರ್ಮನ್ ಗೊತ್ತಿರಬೇಕು. ನಾವು ಪ್ರೊಫೆಸರುಗಳಾಗಿ ಬಂದದ್ದೇ ಪುಣ್ಯ, ವಿದ್ಯಾರ್ಥಿಗಳಾಗಿ ಬಂದಿದ್ದರೆ ಸೀಟು ಸಿಗ್ತಿರಲಿಲ್ಲ ಅಂತ ವಿಲಿಯಂ ಆಸ್ಲರ್ ತಮಾಷೆ ಮಾಡ್ತಿದ್ದರಂತೆ. ಮೊದಲ ವರ್ಷ ಸೇರಿದವರು ಹದಿನೆಂಟು ಜನ, ಅದರಲ್ಲಿ ಮೂವರು ಹೆಂಗಸರು. ನನ್ನ ಮಗಳು ಡಿಗ್ರಿಗೆ ನಾಲ್ಕು ವರ್ಷ ಕೊಡಬೇಕಾಗಿ ಬಂದಿರೋದರ ಮೂಲ ಇಲ್ಲಿದೆ.

ಆಮೇಲೆ ಬಂದವನು ಅಬ್ರಹಾಂ ಫ್ಲೆಕ್ಸ್‌ನರ್. ಡಾಕ್ಟರಲ್ಲ, ಸ್ಕೂಲ್ ಮೇಷ್ಟ್ರು! ಯೂರೋಪಿನಿಂದ ವಲಸೆ ಬಂದ ಯಹೂದಿ ಮನೆತನದ ಮಗ. ಕಾರ್ನೆಗಿ ಫೌಂಡೇಶನ್ನಿಗಾಗಿ ಅಮೆರಿಕ, ಕೆನಡಾಗಳ 155 ಮೆಡಿಕಲ್ ಸ್ಕೂಲುಗಳನ್ನು ಖುದ್ದಾಗಿ ನೋಡಿ 1910ರಲ್ಲಿ ವರದಿ ಕೊಟ್ಟ. ಇಷ್ಟೆಲ್ಲ ಬೇಡ, 31 ಇದ್ದರೆ ಸಾಕು ಅಂದ. ಸೇರುವ ಮೊದಲು ಕನಿಷ್ಠ ಎರಡು ವರ್ಷ ಕಾಲೇಜಿನಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಓದಿರಬೇಕು ಅಂದ. ಇಪ್ಪತ್ತೈದು ವರ್ಷದಲ್ಲಿ ಸ್ಕೂಲುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಬೋಗಸ್ ಕಾಲೇಜುಗಳು ಮುಚ್ಚಿದ್ದು ಒಳ್ಳೆಯದೇ. ಆದರೆ ಕಪ್ಪುಜನರಿಗಾಗಿ ಇದ್ದ ಏಳು ಸ್ಕೂಲುಗಳಲ್ಲಿ ಹಾವರ್ಡ್ ಮತ್ತು ಮೆಹಾರಿ ಎರಡು ಬಿಟ್ಟು ಮಿಕ್ಕವೆಲ್ಲ ಮುಚ್ಚಿಹೋದವು. ಹೆಂಗಸರ ಕಾಲೇಜುಗಳಲ್ಲೂ ಹೆಚ್ಚುಕಮ್ಮಿ ಒಂದೇ ಉಳಿಯಿತು. ನಮ್ಮ ಆನಂದಿಬಾಯಿ ಜೋಶಿ 1886ರಲ್ಲಿ ಡಿಗ್ರಿ ಪಡೆದಿದ್ದರಲ್ಲ, ಪೆನ್ಸಿಲ್ವೇನಿಯಾದ ಆ ಕಾಲೇಜು.

ಸೀಟು ಕಡಿಮೆಯಾದರೆ ಜರಡಿ ಬೇಕಾಗುತ್ತೆ. ಒಂದು ಜರಡಿ ಪರೀಕ್ಷೆ: 1928ರಲ್ಲಿ ಫ್ರೆಡ್ ಮಾಸ್ ಅನ್ನುವವರು ಮಾಡಿದ್ದು, ಅದರ ವಂಶದ್ದೇ ಇವತ್ತಿನ ಎಂಕ್ಯಾಟ್. ಇನ್ನೊಂದು ಜರಡಿ ಬಾಯಿಬಿಟ್ಟು ಹೇಳುವಂಥದ್ದಲ್ಲ. 1922ರ ಹಾರ್ವರ್ಡ್ ಕಾಲೇಜಿನ ಅರ್ಜಿಯಲ್ಲಿ ಅಪ್ಪ ಹುಟ್ಟಿದ ಊರು, ಅಮ್ಮನ ತವರಿನ ಹೆಸರು, ನಿನ್ನ ಅಥವಾ ನಿನ್ನಪ್ಪನ ಹೆಸರು ಬದಲಾಗಿದೆಯಾ ಅಂತೆಲ್ಲ ಪ್ರಶ್ನೆ ಸೇರಿಸಿದರು. ಯಹೂದಿಗಳನ್ನು ಗುರುತಿಸೋಕೆ. ಮೆಡಿಕಲ್ ಸ್ಕೂಲುಗಳಲ್ಲೂ ಅದೇ ಕತೆ. ಫ್ಲೆಕ್ಸ್‌ನರನ ವರದಿ ಎತ್ತರಿಸಿದ ಗೋಡೆ ಅವನದೇ ಜನರ ಮುಂದೆ ನಿಂತಿತ್ತು. ಜೋನಾಸ್ ಸಾಲ್ಕ್ ಫೀಸಿಲ್ಲದ ಸಿಟಿ ಕಾಲೇಜಿನಲ್ಲಿ ಓದಿ, ಯಹೂದಿಗಳಿಗೆ ಬಾಗಿಲು ಮುಚ್ಚದ ನ್ಯೂಯಾರ್ಕ್ ಯೂನಿವರ್ಸಿಟಿಗೆ ಹೋದರು. ಅವರ ಪೋಲಿಯೊ ಲಸಿಕೆ 1955ರಲ್ಲಿ ಬಂತು.

ಇಷ್ಟು ಓದಿದ ಮೇಲೆ ನನ್ನ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ದೊಡ್ಡ ಹೆಸರು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಮಗಳು ನೋಡಿದ್ದು ಬೇರೆಯೇ. ಯಾವ ಕಾಲೇಜಿನಲ್ಲಿ ಮೊದಲ ವರ್ಷದ ಕೆಮಿಸ್ಟ್ರಿಯಲ್ಲೇ ಮಕ್ಕಳು ಉದುರಿಹೋಗ್ತಾರೆ? ನಮ್ಮವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಮೆಡಿಕಲ್ ಸೀಟು ಅಂತ ಹೇಳಿಕೊಳ್ಳುವವರು, ಎಷ್ಟು ಮಕ್ಕಳಿಗೆ ಶಿಫಾರಸು ಪತ್ರವನ್ನೇ ಕೊಡದೆ ಮೊದಲೇ ತಡೆದಿದ್ದಾರೆ? (ಇದು ನನಗೆ ಹೊಳೆದೇ ಇರಲಿಲ್ಲ.) ನ್ಯೂ ಆರ್ಲಿಯನ್ಸಿನ ಜೇವಿಯರ್ ಯೂನಿವರ್ಸಿಟಿಯ ಉದಾಹರಣೆ ಕೊಟ್ಟಳು. 1925ರಲ್ಲಿ ಕಪ್ಪುಜನರಿಗಾಗಿ ಶುರುವಾದ ಸಣ್ಣ ಸಂಸ್ಥೆ. ಮೆಡಿಕಲ್‌ಗೆ ಹೋಗುವ ಕಪ್ಪು ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಎಷ್ಟೋ ವರ್ಷ ದೊಡ್ಡ ದೊಡ್ಡ ಯೂನಿವರ್ಸಿಟಿಗಳನ್ನೆಲ್ಲ ಹಿಂದೆ ಹಾಕಿತ್ತು. ಹಿಂದೆ ಬಿದ್ದವರನ್ನು ಹೊರಗೆ ಕಳಿಸದೆ ಕೂರಿಸಿಕೊಂಡು ಕಲಿಸೋದು ಅವರ ಪದ್ಧತಿ.

ಡಿಗ್ರಿಯ ಜೊತೆಗೇ ಮೆಡಿಕಲ್ ಸೀಟು ಕೊಡುವ ಒಂದೆರಡು ಕಾರ್ಯಕ್ರಮವನ್ನೂ ಹಾಕಿದ್ದಾಳೆ, ಬ್ರೌನ್ ಯೂನಿವರ್ಸಿಟಿಯ ಎಂಟು ವರ್ಷದ್ದು ಇದೆಯಲ್ಲ, ಆ ಥರದ್ದು. ಸಿಕ್ಕರೆ ಲಾಟರಿ.

ಇನ್ನು ನಮ್ಮದೇ ಒಂದು ತೊಡಕು. ನಾವು ಇನ್ನೂ ಗ್ರೀನ್ ಕಾರ್ಡಿನ ಸಾಲಿನಲ್ಲಿದ್ದೀವಿ. ಒಂದು ದೇಶಕ್ಕೆ ನೂರಕ್ಕೆ ಏಳು ಅನ್ನೋ ಮಿತಿ ಇರೋದರಿಂದ ಭಾರತದವರ ಸಾಲು ಹನುಮಂತನ ಬಾಲ. ಮಗಳದು ಎಚ್-4. ಇಪ್ಪತ್ತೊಂದು ತುಂಬಿದ ದಿನ ಅವಳು ನಮ್ಮ ವೀಸಾದಿಂದ ಹೊರಗೆ, ಅಂದರೆ ಕಾಲೇಜಿನ ಮಧ್ಯದಲ್ಲಿ ವಿದೇಶಿ ವಿದ್ಯಾರ್ಥಿ. ಸರ್ಕಾರಿ ಸಾಲ ಇಲ್ಲ. ಅಂಥವರನ್ನು ತೆಗೆದುಕೊಳ್ಳದ ಮೆಡಿಕಲ್ ಸ್ಕೂಲುಗಳೇ ಹೆಚ್ಚು. ಅಪ್ಪ ಹುಟ್ಟಿದ ಊರು ಯಾವುದು ಅನ್ನೋ ಪ್ರಶ್ನೆ ನಮಗೆ ಇನ್ನೊಂದು ರೂಪದಲ್ಲಿ ಬಂದಿದೆ ನೋಡಿ.

ಇದನ್ನೆಲ್ಲ ನಾನು ಹೇಗೆ ಹೇಳೋದು ಅಂತ ತಿಂಗಳಿಂದ ಒದ್ದಾಡ್ತಾ ಇದ್ದೆ. ಅವಳ ಪಟ್ಟಿಯ ಕೊನೆಯ ಕಾಲಂ ನೋಡಿದರೆ, ಪ್ರತಿ ಕಾಲೇಜಿನ ಎದುರಿಗೂ ಎರಡು ಅಂಕಿ: ಗ್ರೀನ್ ಕಾರ್ಡ್ ಬಂದರೆ ಎಷ್ಟು ಖರ್ಚು, ಬರದಿದ್ದರೆ ಎಷ್ಟು. ಯಾವಾಗ ಲೆಕ್ಕ ಹಾಕಿದಳೋ.

"ರಾಜ್ಯದ ಯೂನಿವರ್ಸಿಟಿ ಮೇಲೆ ಯಾಕಿಟ್ಟೆ ಅಂತ ಈಗ ಗೊತ್ತಾಯ್ತಾ ಅಪ್ಪ?" ಅಂದಳು. ಅವಲಕ್ಕಿ ತಣ್ಣಗಾಗಿತ್ತು. ನನ್ನ ಹದಿನಾಲ್ಕರಲ್ಲಿ ಮೂರನ್ನು ಉಳಿಸಿಕೊಂಡಿದ್ದಾಳೆ. ಅದರಲ್ಲಿ ಒಂದು, ನನಗೆ ಬೇಜಾರಾಗಬಾರದು ಅಂತ :)

ಎಚ್-4 ಮಕ್ಕಳನ್ನು ಈ ದಾರಿಯಲ್ಲಿ ಕಳಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಎರಡು ಸಾಲು ಬರೆಯಿರಿ. ಅರ್ಜಿ ಹಾಕೋಕೆ ಇನ್ನು ಕೆಲವೇ ತಿಂಗಳು ಇದೆ.